ಅಂಗಳದ ಕಳೆ



ಮಳೆಗಾಲ ಬಂದೊಡನೆ ನಮ್ಮ ಪುಣೆಯ ವಸತಿಗೃಹಗಳ ಆವರಣದಲ್ಲಿಯೂ ಖಾಲಿ ನಿವೇಶನಗಳಲ್ಲಿಯೂ ಗಜ್ಜರಿಯಂತಹ ಎಲೆ, ಬಿಳಿಯ ಕಿರುಹೂ ಉಳ್ಳ ಗಿಡವೊಂದು ತುಂಬಿಕೊಳ್ಳುವುದನ್ನು ನೀವೆಲ್ಲ ಬಲ್ಲಿರಿ. ನೆರೆಯ ಮರಾಠಿ ಬಾಂಧವರು ಅದನ್ನು ಗಾಜರ ಗವತವೆಂದೂ, ಕನ್ನಡಿಗರು ಕಾಂಗ್ರೆಸ್ ಗಿಡವೆಂದೂ, ಶಾಸ್ತ್ರಜ್ಞರು ಪಾರ್ಥೇನಿಯಂ ಎಂದೂ ಕರೆಯುವರು. ಅಮೆರಿಕ ಖಂಡದ ಉಷ್ಣಪ್ರದೇಶ ಅದರ ತವರು. 1955ರಲ್ಲಿ ಇದೇ ಪುಣೆಯಲ್ಲಿ ಗಮನಕ್ಕೆ ಬಂದ ಈ ಗಿಡ ಅನಂತರ ದೇಶದ ಉದ್ದಗಲಕ್ಕೂ ಹಬ್ಬಿತು.

ಹೊರಗಿನಿಂದ ಬಂದುದೆಲ್ಲ ಕೆಟ್ಟದ್ದೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಮೆಣಸಿನಕಾಯಿ, ಸೀಬೆ, ಚೆಂಡುಹೂ ಇವೂ ಅಮೆರಿಕದಿಂದಲೇ ಬಂದು ನಮ್ಮ ಅಡುಗೆಗೂ ಹಬ್ಬಕ್ಕೂ ಒದಗಿವೆ. ಪರಸ್ಥಳದಲ್ಲಿ ಬಾಳುತ್ತಿರುವ ನಮಗಂತೂ ಈ ವಿವೇಕ ಇರಲೇಬೇಕು: ತವರನ್ನು ಕೇಳಬಾರದು, ನಡತೆಯನ್ನು ನೋಡಬೇಕು. ಕಾಂಗ್ರೆಸ್ ಗಿಡದ ನಡತೆ ಕೆಟ್ಟದ್ದು. ಅದರಿಂದ ಮಣ್ಣಿಗೆ ಸೇರುವ ವಿಷಾಂಶ ನೆರೆಯ ಸಸಿಗಳನ್ನು ಬೆಳೆಯಗೊಡದು. ಅದನ್ನು ಮುಟ್ಟಿದರೆ ಕೆಲವರಿಗೆ ಚರ್ಮದ ತುರಿಕೆ. ಅದರ ಪರಾಗದಿಂದ ಸೀನು, ಉಬ್ಬಸ.

ಇದರ ನಿವಾರಣೆಯಲ್ಲಿ ನಾವು ಸೋಲುವುದು ವೇಳೆ ತಪ್ಪುವುದರಿಂದ. ಆಗಸ್ಟ್ ತಿಂಗಳ ಧ್ವಜಾರೋಹಣದ ಮುನ್ನಾದಿನ ಕುಡುಗೋಲಿನಿಂದ ಸವರಿಸುವ ರೂಢಿ ಹಲವೆಡೆ ಇದೆ. ಅಷ್ಟರಲ್ಲಿ ಎಷ್ಟೋ ಗಿಡಗಳು ಹೂಬಿಟ್ಟಿರುತ್ತವೆ. ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಬುಡ ಉಳಿದರೆ ಮತ್ತೆ ಚಿಗುರುವುದು. ಇದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಹಲವೆಡೆ ನೆರವಾಯಿತಾದರೂ ಕಳೆ ನಿರ್ಮೂಲವಾಗಲಿಲ್ಲ. ಆದುದರಿಂದ ಹೂಬಿಡುವ ಮೊದಲೇ, ಮಳೆಗೆ ಮಣ್ಣು ಮೆದುವಾಗಿರುವಾಗ, ಹಿರಿಯರೊಡನೆ ಕೂಡಿ ಬೇರುಸಹಿತ ಕೀಳಬೇಕೆಂಬುದು ನನ್ನ ಅಭಿಮತ. ಕೈಗವಸು ತೊಡಿರಿ, ಮೂಗಿಗೆ ಬಟ್ಟೆ ಕಟ್ಟಿರಿ. ಉಬ್ಬಸ, ತುರಿಕೆಯ ಬಾಧೆಯುಳ್ಳವರು ಈ ಕೆಲಸಕ್ಕೆ ಇಳಿಯಬಾರದು. ಹೂಬಿಡದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಕಿತ್ತ ನೆಲವನ್ನು ಬರಿದಾಗಿ ಬಿಟ್ಟರೆ ಮಣ್ಣಿನಲ್ಲಿ ಅಡಗಿರುವ ಬೀಜಗಳು ಪುನಃ ಮೊಳೆಯುವುವು. ಅಲ್ಲಿ ಚೆಂಡುಹೂವಿನ ಬೀಜವನ್ನು ಒತ್ತಾಗಿ ಬಿತ್ತಿರಿ. ಅದು ಕಳೆಯನ್ನೂ ತಗ್ಗಿಸುವುದು, ದಸರೆಗೆ ಹೂವನ್ನೂ ಕೊಡುವುದು.

ನಗರಪಾಲಿಕೆಯವರು ಬರಲಿ, ಕಾವಲುಗಾರ ಮಾಡಲಿ ಎಂದು ಎಲ್ಲರೂ ಕಾಯುತ್ತ ಕುಳಿತರೆ ಬೀಜ ಕಾಯುವುದಿಲ್ಲ. ಮನೆ ಬಾಡಿಗೆಯದಾದರೂ ಅಂಗಳದ ಹೊಣೆ ನಮ್ಮದೇ.