ನಕ್ಷೆಯಲ್ಲಿ ಕಾಣದ ಗುಡ್ಡ

ಮಲೆನಾಡಿನಲ್ಲಿ ಹೊಸ ಮನೆ ಕಟ್ಟಲು ಹೊರಟ ಕುಟುಂಬ ಮೊದಲು ಏರಬೇಕಾದುದು ಕಚೇರಿಗಳ ಮೆಟ್ಟಿಲು. ಜಾಗ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆಯ ಆದೇಶ, ಪಂಚಾಯಿತಿಯ ನಮೂನೆ 9 ಮತ್ತು 11, ತೆರಿಗೆ ರಸೀದಿ, ಕೊನೆಗೆ ಮನೆಯ ನಕ್ಷೆ. ಸಾಮಾನ್ಯವಾಗಿ ಪೇಟೆಯ ಇಂಜಿನಿಯರರಿಂದ ಬರೆಸಿದ ಆ ನಕ್ಷೆಯಲ್ಲಿ ಜಗಲಿ, ಅಡುಗೆಮನೆ, ದೇವರ ಕೋಣೆ, ಬಾಗಿಲು, ಕಿಟಕಿ ಎಲ್ಲವೂ ಅಳತೆ ಸಮೇತ ಇರುತ್ತವೆ. ಇಲ್ಲದಿರುವುದು ಒಂದೇ: ಮನೆಯ ಹಿಂದಿನ ಗುಡ್ಡ.

ಹಾಳೆಯ ಮೇಲೆ ಎಲ್ಲ ಜಾಗವೂ ಸಮತಟ್ಟು. ಬಯಲುಸೀಮೆಯ ನಿವೇಶನಕ್ಕೆ ಹೊಂದುವ ನಕ್ಷೆಯನ್ನೇ ಇಳಿಜಾರಿಗೂ ಅನ್ವಯಿಸಿದಾಗ ನಕ್ಷೆ ಬದಲಾಗುವುದಿಲ್ಲ, ನೆಲವೇ ಬದಲಾಗಬೇಕಾಗುತ್ತದೆ. ಅದಕ್ಕಾಗಿ ಜೆಸಿಬಿ ಬರುತ್ತದೆ. ಹಿಂದಿನವರು ಗುದ್ದಲಿ ಹಿಡಿದು ತಿಂಗಳುಗಟ್ಟಲೆ ಕಡಿಯುತ್ತಿದ್ದ ಮಣ್ಣನ್ನು ಅದು ಒಂದೆರಡು ದಿನಗಳಲ್ಲಿ ತೆಗೆದು ಮುಂಭಾಗದ ತಗ್ಗಿಗೆ ತುಂಬುತ್ತದೆ. ಹಿಂದೆ ಎತ್ತರದ ಧರೆ, ಮುಂದೆ ಸಡಿಲ ಮಣ್ಣಿನ ದಿಬ್ಬ, ನಡುವೆ ಮನೆ. ಅರ್ಧ ಗಟ್ಟಿ ನೆಲದಲ್ಲೂ ಅರ್ಧ ತುಂಬಿದ ಮಣ್ಣಿನಲ್ಲೂ ನಿಂತ ಗೋಡೆ, ತುಂಬಿದ ಭಾಗ ಕುಗ್ಗಿದಂತೆ ಬಿರುಕು ಬಿಡುತ್ತದೆ.

ಧರೆಯ ಅಪಾಯ ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವಿನ ಅಲ್ಪ ತೇವವೇ ಅವುಗಳನ್ನು ಒಂದಕ್ಕೊಂದು ಬಿಗಿದಿಟ್ಟಿರುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಆ ಬಿಗಿ ಸಡಿಲುತ್ತದೆ, ಮಣ್ಣಿನ ತೂಕ ಹೆಚ್ಚುತ್ತದೆ. ಮೇಲಿನ ಜಂಬಿಟ್ಟಿಗೆ ಕಲ್ಲಿನ ಪದರ ಗಟ್ಟಿಯಾಗಿದ್ದರೂ ಅದರಡಿಯ ಶೇಡಿ ಮಣ್ಣು ನೀರು ಕುಡಿದು ಜಾರುತ್ತದೆ. ಬೇಸಿಗೆಯಲ್ಲಿ ಕಂಡ ಗಟ್ಟಿತನವನ್ನು ನಂಬಿ ಕಟ್ಟಿದ ಮನೆಗೆ ಮಳೆಗಾಲದ ರಾತ್ರಿ ಪರೀಕ್ಷೆ ಒದಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಪ್ರದೇಶಗಳಲ್ಲಿ ಗುಡ್ಡಗಳು ಜರಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅಲ್ಲಿ ನಡೆಸಿದ ಅಧ್ಯಯನ, ಅತಿವೃಷ್ಟಿಯ ಜೊತೆಗೆ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದುದನ್ನೂ ಕಾರಣವೆಂದು ಗುರುತಿಸಿತು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು. ಎಲ್ಲ ಭೂಕುಸಿತಗಳಿಗೂ ಮನೆ ಕಟ್ಟುವವರೇ ಹೊಣೆಯಲ್ಲ. ಹೆದ್ದಾರಿಯ ಗುಡ್ಡಕ್ಕೆ ಗ್ರಾಮಸ್ಥರು ಉತ್ತರಿಸಬೇಕಾಗಿಲ್ಲ. ಆದರೆ ಹಿತ್ತಿಲ ಧರೆ ಎಷ್ಟು ಎತ್ತರವಿರಬೇಕೆಂಬುದು ಅವರ ಕೈಯಲ್ಲೇ ಇದೆ.

1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಪ್ರಕರಣದಂತೆ ಗ್ರಾಮದಲ್ಲಿ ಕಟ್ಟಡಕ್ಕೆ ಅನುಮತಿ ನೀಡುವುದು ಗ್ರಾಮ ಪಂಚಾಯಿತಿ. ಆ ಅಧಿಕಾರವನ್ನು ಬಳಸಿ ಗುಡ್ಡಗಾಡಿನ ಪಂಚಾಯಿತಿಗಳು ಮನೆಯ ನಕ್ಷೆಯೊಂದಿಗೆ ಇನ್ನೊಂದೇ ಹಾಳೆಯನ್ನು ಕೇಳಬೇಕು. ಅದು ಜಾಗದ ಅಡ್ಡಸೀಳು ನಕ್ಷೆ: ಇಳಿಜಾರು ಎಷ್ಟು, ಧರೆ ಎಷ್ಟು ಎತ್ತರ, ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ, ಮಳೆನೀರು ಯಾವ ದಾರಿ ಹಿಡಿಯುತ್ತದೆ, ಶೌಚದ ಗುಂಡಿ ಎಲ್ಲಿದೆ. ಪಶ್ಚಿಮಘಟ್ಟಕ್ಕೆ ತಕ್ಕ ಕಟ್ಟಡ ಸಂಹಿತೆ ಬೇಕೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲೇ ಶಿಫಾರಸು ಮಾಡಿತ್ತು. ಅಂತಹ ಸಂಹಿತೆಯ ಮೊದಲ ಪುಟ ಈ ಹಾಳೆಯಾಗಬಲ್ಲದು.

ಇನ್ನೊಂದು ಕಾಗದವೆಂದರೆ ಇನ್ನೊಂದು ಅಲೆದಾಟ, ಇನ್ನೊಂದು ಕೈಬಿಸಿ ಎಂಬ ಆತಂಕ ಸುಳ್ಳಲ್ಲ. ಮೂರು ಸೆಂಟ್ಸ್ ಜಾಗದಲ್ಲಿ ಸರ್ಕಾರಿ ನೆರವಿನ ಮನೆ ಕಟ್ಟುವ ಕೂಲಿಕಾರನಿಗೆ ಭೂವಿಜ್ಞಾನಿಯನ್ನು ಕರೆಸುವ ಶಕ್ತಿಯಿಲ್ಲ. ಆದ್ದರಿಂದ ಈ ಹಾಳೆಗೆ ಶುಲ್ಕವಿರಬಾರದು. ಪಂಚಾಯಿತಿಯ ಇಂಜಿನಿಯರರೇ ಸ್ಥಳಕ್ಕೆ ಬಂದು, ಮಣ್ಣು ಕಡಿಯುವ ಮೊದಲೇ ನೋಡಬೇಕು. ಕಡಿದಾದ ಮೇಲೆ ನೀಡುವ ಪರವಾನಗಿಯಿಂದ ಯಾರಿಗೂ ರಕ್ಷಣೆಯಿಲ್ಲ.

ಅಳತೆಯಂತೂ ಕಷ್ಟದ್ದಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು, ಎರಡು ಕೋಲು, ಒಂದು ಟೇಪು ಸಾಕು. ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಬಲ್ಲರು. 10 ಮೀಟರ್ ಅಡ್ಡದೂರಕ್ಕೆ ನೆಲ 3 ಮೀಟರ್ ಇಳಿದರೆ ಇಳಿಜಾರು ಶೇಕಡಾ 30. ಅಲ್ಲಿ ಗುಡ್ಡದತ್ತ 10 ಮೀಟರ್ ಒಳಸರಿಯುವ ಮನೆಗೆ, ಮಣ್ಣು ತುಂಬದೆ ಒಂದೇ ಮಟ್ಟ ಮಾಡಲು ಹೊರಟರೆ ಧರೆ 3 ಮೀಟರ್. ಹಿತ್ತಿಲಿಗೆ ಇನ್ನು 5 ಮೀಟರ್ ಬಿಟ್ಟರೆ ನಾಲ್ಕೂವರೆ ಮೀಟರ್, ಅಂದರೆ ಸುಮಾರು 15 ಅಡಿ. ಅದೇ ಮನೆಯನ್ನು ಇಳಿಜಾರಿಗೆ ಅಡ್ಡಲಾಗಿ ಉದ್ದಕ್ಕೆ ಹರಡಿ, ಅಗಲವನ್ನು 5 ಮೀಟರಿಗೆ ಇಳಿಸಿದರೆ ಮನೆಯ ಪಾಲಿನ ಕಡಿತ ಒಂದೂವರೆ ಮೀಟರಿಗೆ ಇಳಿಯುತ್ತದೆ. ಪೆನ್ಸಿಲ್ ಹಿಡಿದಾಗಲೇ ತೀರ್ಮಾನವಾಗಬೇಕಾದ ಸಂಗತಿಯಿದು.

ನೀರಿನ ವಿಷಯದಲ್ಲಿ ಪರಿಸರಾಸಕ್ತರೂ ಎಚ್ಚರ ವಹಿಸಬೇಕು. ಇಂಗುಗುಂಡಿ ಒಳ್ಳೆಯದೇ, ಆದರೆ ಧರೆಯ ನೆತ್ತಿಯ ಮೇಲೆ ಅಲ್ಲ. ಅಲ್ಲಿ ಬೇಕಾದುದು ನೀರನ್ನು ಬದಿಗೆ ಒಯ್ಯುವ ಬಸಿಗಾಲುವೆ. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರುವ ತೂತುಗಳಿರಬೇಕು. ಲಾವಂಚದ ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ, ಆಳದಿಂದ ಜಾರುವ ಗುಡ್ಡವನ್ನು ಹಿಡಿಯಲಾರದು.

ಬರುವ ಗ್ರಾಮಸಭೆಯಲ್ಲಿ ಈ ಒಂದು ಹಾಳೆಯ ಬಗ್ಗೆ ನಿರ್ಣಯವಾಗಲಿ. ಮನೆಯ ನಕ್ಷೆಯಲ್ಲಿ ದೇವರ ಕೋಣೆಗೆ ದಿಕ್ಕು ನೋಡುವ ಜನ, ಮಕ್ಕಳು ಮಲಗುವ ಕೋಣೆಯ ಹಿಂದೆ ಗುಡ್ಡ ಎಷ್ಟು ಎತ್ತರವಿದೆ ಎಂಬುದನ್ನೂ ನೋಡಿ ಸಹಿ ಹಾಕಲಿ.