ಉಡಾಳ ಎನ್ನುವ ಮೊದಲು

ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗ ರಾಮಾಚಾರಿ ರಾತ್ರಿ ಪ್ರಾಂಶುಪಾಲರ ಮನೆಗೆ ಕಲ್ಲು ತೂರುತ್ತಾನೆ, ಅವರನ್ನೇ ಕಂಬಕ್ಕೆ ಕಟ್ಟುತ್ತಾನೆ. ಊರು ಅವನನ್ನು ಹಾವೆಂದು ದೂರವಿಟ್ಟಾಗ ಮಗನಂತೆ ಹತ್ತಿರ ಕರೆದವರು ಚಾಮಯ್ಯ ಮೇಷ್ಟ್ರು. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದಂದಿನಿಂದ, ದಾರಿ ತಪ್ಪಿದ ಹುಡುಗನ ಗುರು ಎಂದರೆ ನಮಗೆ ಕೆ.ಎಸ್. ಅಶ್ವತ್ಥ್ ಅವರ ಮುಖವೇ ನೆನಪಾಗುತ್ತದೆ.

ಆ ಮೇಷ್ಟ್ರಿಗಾಗಿ ನಾನೂ ಅತ್ತಿದ್ದೇನೆ. ಆದರೆ ಮತ್ತೆ ಮತ್ತೆ ನೋಡಿದಾಗ ಒಂದು ಸಂಕಟ ಉಳಿಯುತ್ತದೆ. ರಾಮಾಚಾರಿಯ ಪ್ರೀತಿಯನ್ನು ಗೆದ್ದ ಚಾಮಯ್ಯ ಅದನ್ನು ಬಳಸಿದ್ದು ಯಾವುದಕ್ಕೆ? ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎನ್ನಲು, ಆಮೇಲೆ ಮಾರ್ಗರೆಟ್‌ಳನ್ನು ಬಿಟ್ಟುಬಿಡು ಎನ್ನಲು. ಮೊದಲ ಸಲ ಹುಡುಗ ಮಾತು ಕೇಳಿದ. ಎರಡನೇ ಸಲ ಚಿತ್ರದುರ್ಗದ ಬೆಟ್ಟದ ಮೇಲೆ ಗುರುವೂ ಉಳಿಯಲಿಲ್ಲ, ಶಿಷ್ಯನೂ ಉಳಿಯಲಿಲ್ಲ. ಅಷ್ಟು ಕಸುವಿದ್ದ ಹುಡುಗನ ಕೈಗೆ ಇಡೀ ಚಿತ್ರದಲ್ಲಿ ಯಾರೂ ಒಂದು ಕೆಲಸ ಕೊಡುವುದಿಲ್ಲ. ಅಕ್ಕರೆ ಸಿಕ್ಕಿತು, ಬುದ್ಧಿಮಾತು ಸಿಕ್ಕಿತು. ಬೆಳಗ್ಗೆ ಎದ್ದು ಕೂರಲು ಒಂದು ಜಾಗ, ಪಳಗಿಸಿಕೊಳ್ಳಲು ಒಂದು ವಿದ್ಯೆ ಸಿಗಲಿಲ್ಲ.

ಗದುಗಿನವರಾದ ನಾವು ಬೇರೆ ಬಗೆಯ ಗುರುವನ್ನು ಕಂಡವರು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ, ಬಡ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಇಲ್ಲಿ ನೆಲೆ ನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು, ಅವರಿಗೂ ಕಣ್ಣಿರಲಿಲ್ಲ. ಮಕ್ಕಳ ಊಟಕ್ಕಾಗಿ ನಾಟಕ ಕಂಪನಿ ನಡೆಸಿದರು, ತಾವೇ ನಾಟಕ ಬರೆದರು. ಪದ್ಮಭೂಷಣ ಬಂದ 2010ರಲ್ಲೇ ಅವರು ಅಗಲಿದರು. ಬಾಲಕನಾಗಿ ಬಂದ ಗಾಯಕ ವೆಂಕಟೇಶ ಕುಮಾರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಬಳಿ ಇದ್ದು ಕಲಿತರು. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಹಂಸಲೇಖರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದಿತು. ನಾವು ಹಾಡನ್ನು ನೆನಪಿಟ್ಟುಕೊಂಡೆವು. ಕಲಿಸುವ ಆ ಕ್ರಮವನ್ನು ಮಠದ ಅಂಗಳದಲ್ಲೇ ಬಿಟ್ಟು ಬಂದೆವು.

ಆಶ್ರಮದ ಮಕ್ಕಳು ಪುಂಡರಲ್ಲ, ಅವರ ಕಷ್ಟವೇ ಬೇರೆ, ಬಲ್ಲೆ. ಆದರೂ ಕೈಬಿಟ್ಟ ಮಕ್ಕಳನ್ನು ಮನುಷ್ಯರನ್ನಾಗಿ ನಿಲ್ಲಿಸುವ ದಾರಿ ಅಲ್ಲಿತ್ತು: ಗುರು ಜಾಗ ಬಿಟ್ಟು ಹೋಗುತ್ತಿರಲಿಲ್ಲ, ಸಾಧನೆ ಒಂದು ದಿನವೂ ತಪ್ಪುತ್ತಿರಲಿಲ್ಲ, ಕಲಿತದ್ದನ್ನು ತೋರಿಸಲು ರಂಗವಿತ್ತು, ಅದರಿಂದಲೇ ಅನ್ನ ಹುಟ್ಟುತ್ತಿತ್ತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಸ್ ನಿಲ್ದಾಣಗಳಲ್ಲಿ ಹೊತ್ತು ಕಳೆಯುವ ಹುಡುಗರನ್ನು ನೋಡಿ ‘ಉಡಾಳ’ ಎಂದುಬಿಡುತ್ತೇವೆ. ಕೆಲವರು ಡಿಗ್ರಿ ಮುಗಿಸಿದವರು, ಕೆಲವರು ಅರ್ಧಕ್ಕೆ ಬಿಟ್ಟವರು. ಮೊಬೈಲ್ ಜೂಜಿಗೆ ಬಿದ್ದು ಸಾಲ ಮಾಡಿದವರು, ದುಡಿಯಲು ಗೋವೆಗೆ ಹೋಗಿ ಬರಿಗೈಯಲ್ಲಿ ತಿರುಗಿ ಬಂದವರೂ ಅವರಲ್ಲಿದ್ದಾರೆ. ಇವರಿಗೆ ಚಾಮಯ್ಯ ಸಿಗಲಿ ಎಂದು ಹಾರೈಸುವ ನಾವು ಸರ್ಕಾರಿ ಕಾಲೇಜುಗಳ ಪಾಠದ ದೊಡ್ಡ ಭಾರವನ್ನು ಅತಿಥಿ ಉಪನ್ಯಾಸಕರ ಹೆಗಲಿಗೆ ಹಾಕಿದ್ದೇವೆ. ಗೌರವಧನಕ್ಕೆ ದುಡಿಯುವ ಅವರಿಗೆ ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಂಬ ಖಾತ್ರಿಯಿಲ್ಲ. ಹುಡುಗನ ಹೆಸರು, ಅವನ ಮನೆಯ ಕಷ್ಟ, ಅವನ ಸಿಟ್ಟಿನ ಕಾರಣ ತಿಳಿಯುವಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ. ಪುಟ್ಟರಾಜರಂತೆ ಹತ್ತು ವರ್ಷ ಕಾಯಲು ಈ ಉಪನ್ಯಾಸಕರಿಗೆ ನಾವು ಹತ್ತು ತಿಂಗಳೂ ಕೊಟ್ಟಿಲ್ಲ.

ಹೀಗಾಗಿ ನನ್ನ ಮೊದಲ ಬೇಡಿಕೆ ಕಾಯಂ ಮೇಷ್ಟ್ರು. ಎರಡನೆಯದು, ಸಂಜೆಯ ಹೊತ್ತು ಕಾಲೇಜಿನ ಗೇಟು ತೆರೆದಿರಲಿ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಬಾಳು ಸವೆಸಿದ ಹಿರಿಯ ನೇಕಾರರಿದ್ದಾರೆ, ಊರೂರಲ್ಲಿ ಪಂಪ್‌ಸೆಟ್ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳಿದ್ದಾರೆ, ಹಾರ್ಮೋನಿಯಂ ನುಡಿಸುವ ನಾಟಕದ ಮಾಸ್ತರರಿದ್ದಾರೆ. ಅವರನ್ನು ಕಲಿಸುವವರೆಂದು ಕರೆದು, ಕೈತುಂಬ ಸಂಬಳ ಕೊಟ್ಟು, ಆ ಹುಡುಗರ ಎದುರು ಕೂರಿಸಬೇಕು.