ಕಂತು ಮುಂದಕ್ಕೆ ಹೋಯಿತು, ಬಡ್ಡಿ ನಿಂತಿಲ್ಲ



2020ರಲ್ಲಿ ಕೊರೋನಾ ಬಂದಾಗ ಸಾಲದ ಕಂತನ್ನು ಆಗಸ್ಟ್ ಕೊನೆಯವರೆಗೆ ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕು ಹೇಳಿತು. ನಾವು ಉಸಿರು ಬಿಟ್ಟೆವು. ಆದರೆ ಬಡ್ಡಿ ನಿಂತಿತೇ? ಇಲ್ಲ. ಕಂತು ಮುಂದಕ್ಕೆ ಹೋಗಿತ್ತೇ ಹೊರತು ಸಾಲ ಮನ್ನಾ ಆಗಿರಲಿಲ್ಲ.

ನಮ್ಮ ಮಕ್ಕಳ ಓದಿನಲ್ಲೂ ಇದೇ ಆಗಿದೆ. ಆದರೆ ಆ ಬಾಕಿಗೆ ಯಾವ ಬ್ಯಾಂಕೂ ನೋಟೀಸು ಕಳಿಸುವುದಿಲ್ಲ. ಹಾಗಾಗಿ ನಾವು ಮರೆತು ಕೂತಿದ್ದೇವೆ.

2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗುವನ್ನೇ ತೆಗೆದುಕೊಳ್ಳಿ. ಸೇರಿದ್ದು ದಾಖಲೆಯಲ್ಲಿ ಮಾತ್ರ. ಆ ಮಕ್ಕಳಿಗೆ ಶಾಲೆ ಬಾಗಿಲು ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ಹೊತ್ತಿಗೆ ಮಗು ಎರಡನೇ ತರಗತಿ! ನಡುವೆ ಮೇಷ್ಟ್ರುಗಳೇ ಊರೊಳಗೆ ಬಂದು ಕಲಿಸುವ ‘ವಿದ್ಯಾಗಮ’ 2020ರ ಆಗಸ್ಟಿನಲ್ಲಿ ಶುರುವಾಯಿತು, ಅಕ್ಟೋಬರಿನಲ್ಲಿ ನಿಂತಿತು. ಮೊಬೈಲಿನಲ್ಲಿ ಪಾಠ ಅಂದರು. ಹೆತ್ತೂರು, ಯಸಳೂರು ಕಡೆಯ ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕೇ? ಕರೆಂಟು ಹೋದರೆ ಬಂದಾಗ ಬಂತು. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ಹತ್ತಿದರೆ ಆನೆ ಭಯ. ನಮ್ಮ ಮನೆಗಳ ಪಾಡೇ ಹೀಗಾದರೆ, ತೋಟದ ಲೈನು ಮನೆಯಲ್ಲಿ ಇದ್ದೊಂದು ಫೋನು ಅಪ್ಪನ ಜೇಬಿನಲ್ಲಿ.

ಪರೀಕ್ಷೆಯಿಲ್ಲದೆ ಎಲ್ಲರನ್ನೂ ಪಾಸು ಮಾಡಿದರು. ಅದು ತಪ್ಪಲ್ಲ, ಮಕ್ಕಳನ್ನು ಫೇಲು ಮಾಡಿ ಏನು ಸಾಧಿಸುತ್ತಿದ್ದರು? ಆದರೆ ಪಾಸು ಅಂದರೆ ಸಾಲ ಮನ್ನಾ ಅಂತ ನಾವು ತಿಳಿದೆವು, ಅಲ್ಲೇ ಎಡವಿದ್ದು. ‘ಅಸರ್’ ಸಮೀಕ್ಷೆ ನೋಡಿ. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ 2018ರಲ್ಲಿ ನೂರಕ್ಕೆ ಸುಮಾರು 19. 2022ರಲ್ಲಿ 9 ಮಂದಿಯೂ ಇಲ್ಲ! ಆ ವರ್ಷ ಮೂರನೇ ತರಗತಿಯಲ್ಲಿದ್ದವರು ಯಾರು? 2020ರಲ್ಲಿ ಒಂದನೇ ತರಗತಿಗೆ ಸೇರಿದ ಇದೇ ಮಕ್ಕಳು. ಆ ವರ್ಷವೇ ಸರ್ಕಾರ ‘ಕಲಿಕಾ ಚೇತರಿಕೆ’ ನಡೆಸಿತು. ಒಂದೂವರೆ ವರ್ಷದ ಬಾಕಿ ಒಂದೇ ವರ್ಷದಲ್ಲಿ ತೀರೀತೇ?

ನಮಗೇನು ನಷ್ಟ ಅನ್ನಬೇಡಿ. ಕಾಫಿ ಮಾರಲು ಹೋದಾಗ ಔಟ್‌ಟರ್ನ್ ಇಷ್ಟು, ತೇವಕ್ಕೆ ಇಷ್ಟು ಕಡಿತ ಅಂತ ವ್ಯಾಪಾರಿ ಚೀಟಿ ಬರೆದು ಕೊಡುತ್ತಾನೆ. ನೂರಕ್ಕೆ ಎಷ್ಟು ಅನ್ನುವ ಲೆಕ್ಕ ಬಾರದ ಹುಡುಗ ನಾಳೆ ಆ ಚೀಟಿ ಹಿಡಿದು ಏನು ಕೇಳಿಯಾನು? ಬ್ಯಾಂಕಿನವರು ತೋರಿಸಿದ ಕಡೆ ಓದದೆ ಸಹಿ ಹಾಕಿ ಕೆಟ್ಟವರು ನಮ್ಮಲ್ಲಿ ಕಡಿಮೆಯೇ?

2019ರ ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು ಅಂತ ಹೆಮ್ಮೆಪಟ್ಟೆವು. ಈ ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆಯುವುದು 2030ರಲ್ಲಿ. ಈ ಸಾಲದ ಗಡುವು ಅದು.

ಇವತ್ತು ಸಂಜೆ ನಿಮ್ಮ ಮಗುವಿನ ಕೈಗೆ ಗೊಬ್ಬರದ ಬಿಲ್ಲು ಕೊಟ್ಟು ಓದಿಸಿ, ಕೂಡಿಸಿ ಅನ್ನಿ. ನಿಮ್ಮ ತೋಟದ ಆಳಿನ ಮಗುವಿಗೂ ಕೊಡಿ. ಕೊಯ್ಲಿನ ಕಾಲದಲ್ಲಿ ಆ ಮಗು ತಾಯಿಯ ಹಿಂದೆ ತೋಟಕ್ಕೆ ಬಂದರೆ ಶಾಲೆಗೆ ಕಳಿಸಿ. ನಮ್ಮ ಮಗು ಕಾನ್ವೆಂಟಿಗೆ ಹೋಗುತ್ತೆ, ಊರ ಶಾಲೆಯ ಗೊಡವೆ ನಮಗ್ಯಾಕೆ ಅನ್ನಬೇಡಿ. ಎಸ್‌ಡಿಎಂಸಿ ಸಭೆಗೆ ಹೋಗಿ, ಓದಲು ಬಾರದ ಮಕ್ಕಳು ಎಷ್ಟು, ಅವರಿಗೆ ಏನು ಮಾಡುತ್ತೀರಿ ಅಂತ ಕೇಳಿ. ಬೆಲೆಗಾಗಿ ಬೀದಿಗಿಳಿದ ನಮಗೆ ಶಾಲೆಯ ಮೆಟ್ಟಿಲು ಹತ್ತುವುದು ಕಷ್ಟವೇ?